ಇಂಚರ ಹೊಲಿದ ತಬಿ

ಗಂಗಮ್ಮ ಐರ್ಲೆಂಡಿನ ಅತ್ಲೋನಿಗೆ ಬಂದದ್ದು ಮೂರು ತಿಂಗಳು ಇದ್ದು ಹೋಗುವುದಕ್ಕೆ. ಬಂದ ಸ್ವಲ್ಪ ದಿನಕ್ಕೇ ಕೊರೋನಾ ಎಂದು ವಿಮಾನಗಳು ನಿಂತವು. ಬೇಸಿಗೆ ಹೋಯಿತು, ಚಳಿಗಾಲ ಬಂತು, ಎರಡನೆಯ ಜನವರಿಯೂ ಬಂತು. ಗಂಗಮ್ಮ ಮಾತ್ರ ಮಗನ ಮನೆಯ ಅಡುಗೆಮನೆಯಲ್ಲೇ ಇದ್ದರು. ಅಲ್ಲಿ ಅವರಿಗೆ ಕೊರತೆ ಎಂದರೆ ಎರಡೇ. ಗಂಡ ಚಿಕ್ಕಣ್ಣ ಬೆಂಗಳೂರಿನ ವಿಜಯನಗರದಲ್ಲಿ ಮಗಳು ಶಶಿಯ ಮನೆಯಲ್ಲಿ ಉಳಿದುಬಿಟ್ಟಿದ್ದರು. ಮತ್ತೆ, ಈ ದೇಶಕ್ಕೆ ಕಾಲಿಟ್ಟಾಗಿನಿಂದ ಗಂಗಮ್ಮನ ಪಾದ ಬೆಚ್ಚಗಾದ ದಿನವೇ ಇರಲಿಲ್ಲ.

ಸಾಕ್ಸ್ ಹಾಕಿದರೆ ಹವಾಯಿ ಚಪ್ಪಲಿಯ ಪಟ್ಟಿ ಬೆರಳ ಸಂದಿಗೆ ಹೋಗುವುದಿಲ್ಲ. ಚಪ್ಪಲಿ ಮೆಟ್ಟಿದರೆ ಸಾಕ್ಸ್ ಹಾಕುವ ಹಾಗಿಲ್ಲ. ಮಗ ಚಂದ್ರಕಾಂತ ತಂದುಕೊಟ್ಟಿದ್ದ ತುಪ್ಪಳದ ಚಪ್ಪಲಿ ಮೂಲೆ ಸೇರಿತ್ತು. ಅದರೊಳಗೆ ಕಾಲಿಟ್ಟರೆ ಸತ್ತ ಬೆಕ್ಕಿನ ಮೇಲೆ ಕಾಲಿಟ್ಟ ಹಾಗಾಗುತ್ತದೆ ಎಂದು ಗಂಗಮ್ಮ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು.

"ಅಮ್ಮ, ನಿಮಗೆ ಶುಗರ್ ಐತೆ. ಕಾಲು ಜೋಪಾನ ಅಂತ ಎಷ್ಟು ಸಲ ಹೇಳೋದು?" ಒಂದು ಬೆಳಗ್ಗೆ ಚಂದ್ರಕಾಂತ ಹೆಡ್‌ಸೆಟ್ ಕುತ್ತಿಗೆಗೆ ಇಳಿಸಿಕೊಂಡು ಅಡುಗೆಮನೆಗೆ ಬಂದ. ಅವನ ಆಫೀಸೂ ಈಗ ಮನೆಯ ಮೇಲಿನ ಪುಟ್ಟ ಕೋಣೆಯಲ್ಲೇ.

"ಚಪ್ಪಲಿ ಐತಲ್ಲೋ ಕಾಲಲ್ಲಿ."

"ಸಾಕ್ಸ್ ಇಲ್ವಲ್ಲ."

"ಸಾಕ್ಸು ಕಾಲುಂಗುರಕ್ಕೆ ಸಿಕ್ಕಾಕ್ಕೊಳ್ತದೆ."

"ಹಂಗಾದ್ರೆ ಕಾಲುಂಗುರ ತೆಗೆದಿಡಿ."

ಒಗ್ಗರಣೆ ಸೌಟು ಹಿಡಿದಿದ್ದ ಗಂಗಮ್ಮನ ಕೈ ಅಲ್ಲೇ ನಿಂತಿತು. "ನಿಮ್ಮಪ್ಪ ಗುಂಡುಕಲ್ಲಿನಂಗೆ ಇದಾರೆ ಕಣೋ. ಬಿಡ್ತು ಅನ್ನು."

"ಅಯ್ಯೋ ಅಮ್ಮ."

"ಬಿಡ್ತು ಅನ್ನು ಅಂದೆ."

"ಬಿಡ್ತು," ಅಂದು ಚಂದ್ರಕಾಂತ ಕಾಫಿ ಎತ್ತಿಕೊಂಡು ಮೀಟಿಂಗಿಗೆ ಓಡಿದ. ಸಕ್ಕರೆ ಕಾಯಿಲೆಗೆ ಅಮ್ಮನ ಪಾದ ಎರಡು ವರ್ಷದಿಂದ ಜೋಮು ಹಿಡಿದಿದೆ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡುವುದು? ಡಾಕ್ಟರು ಫೋನಿನಲ್ಲೇ ನೋಡುತ್ತಿದ್ದ ಕಾಲ ಅದು. ಫೋನಿನಲ್ಲಿ ಪಾದ ಕಾಣುವುದಿಲ್ಲ.

ಸೊಸೆ ನಳಿನಿ ವೃದ್ಧಾಶ್ರಮವೊಂದರಲ್ಲಿ ನರ್ಸು. ಮೊದಲ ಅಲೆಯಲ್ಲಿ ಅಲ್ಲಿ ಮಂಚಗಳು ಒಂದೊಂದಾಗಿ ಖಾಲಿಯಾದದ್ದನ್ನು ಕಣ್ಣಾರೆ ಕಂಡವಳು. ಅಂದಿನಿಂದ ಅವಳು ಮನೆಯಲ್ಲಿ ಅತಿಥಿಯ ಹಾಗಾಗಿದ್ದಳು. ಹಿತ್ತಲಿನ ಶೆಡ್ಡಿನಲ್ಲಿ ಬಟ್ಟೆ ಬದಲಿಸಿ, ಹಿಂದಿನ ಕೋಣೆಯಲ್ಲಿ ಒಬ್ಬಳೇ ಮಲಗಿ, ಅತ್ತೆ ಮೆಟ್ಟಿಲ ಮೇಲಿಟ್ಟ ತಟ್ಟೆಯನ್ನು ಎತ್ತಿಕೊಂಡು ಹೋಗಿ ಉಣ್ಣುವಳು. ಅತ್ತೆಯ ಕೈಯಳತೆಯ ದೂರಕ್ಕೆ ಬಂದು ವರ್ಷವಾಗುತ್ತಾ ಬಂದಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೇ ಕೆಟ್ಟ ಕಾಲ ಬಂದಿತ್ತು.

ಇನ್ನು ಉಳಿದವಳು ಹದಿನಾಲ್ಕರ ಮೊಮ್ಮಗಳು ಇಂಚರ. ಹುಟ್ಟಿದ್ದೇ ಅತ್ಲೋನಿನಲ್ಲಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಇಲ್ಲಿಯ ಇಂಗ್ಲಿಷ್ ಬರುತ್ತದೆ. ಸ್ಕೂಲು ಮತ್ತೆ ಮುಚ್ಚಿತ್ತು. ಮಾಸ್ಕ್ ಹೊಲಿಯುವುದಕ್ಕೆಂದು ನಳಿನಿ ತಂದಿದ್ದ ಹೊಲಿಗೆ ಮೆಷಿನ್ನನ್ನು ಹುಡುಗಿ ತನ್ನ ಕೋಣೆಗೆ ಸಾಗಿಸಿಕೊಂಡಿದ್ದಳು. ಜಪಾನಿನ ಚಿತ್ರಕತೆಗಳ ಹುಚ್ಚು ಬೇರೆ.

"ಅಜ್ಜಿ, ಲುಕ್," ಎಂದು ಅವಳೇ ಒಂದು ಮಧ್ಯಾಹ್ನ ಫೋನು ಹಿಡಿದು ಬಂದಳು. ಪರದೆಯ ಮೇಲೆ ಒಂದು ಬಿಳಿಯ ಕಾಲುಚೀಲ. ಹೆಬ್ಬೆರಳಿಗೊಂದು ಗೂಡು, ಉಳಿದ ನಾಲ್ಕಕ್ಕೆ ಇನ್ನೊಂದು. "ತಬಿ. ಜಪಾನ್‌ದು. ಇದು ಹಾಕಿ, ಆಮೇಲೆ ಚಪ್ಪಲಿ."

ಗಂಗಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. "ಅಲ್ಲೂ ಹವಾಯಿ ಚಪ್ಪಲಿ ಹಾಕ್ತಾರಾ?"

"ಯಾ. ಮರದ್ದು, ಹುಲ್ಲಿಂದು, ಎಲ್ಲಾ. ಐ'ಲ್ ಮೇಕ್ ಇಟ್ ಫಾರ್ ಯು."

ಅಷ್ಟು ದಿನ ಒಂದು ಕೋಣೆಯಲ್ಲಿ ಅಜ್ಜಿ, ಇನ್ನೊಂದರಲ್ಲಿ ಮೊಮ್ಮಗಳು ಎಂದಿದ್ದ ಮನೆಯಲ್ಲಿ ಆ ವಾರ ನಗು ಕೇಳಿಸಿತು. ಹುಡುಗಿ ಬೆಳಗ್ಗೆ ಎದ್ದ ಕೂಡಲೇ ಅಜ್ಜಿಯನ್ನು ಪೇಪರಿನ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದಳು. ಅಜ್ಜಿಗೆ ಕಚಗುಳಿಯಾಗುವುದಿಲ್ಲ ಎಂದು ಅವಳಿಗೆ ಆಶ್ಚರ್ಯ.

"ರಿಂಗ್ ತೆಗೀತೀರಾ? ಅಳತೆಗೆ ಮಾತ್ರ."

"ತೆಗಿಯಂಗಿಲ್ಲ ಪುಟ್ಟಿ. ಹಂಗೇ ಬರಿ."

ತಬಿ ಹಿಗ್ಗುವ ಬಟ್ಟೆಯದಲ್ಲ, ಗಟ್ಟಿ ಹತ್ತಿಯದು. ಅದರ ಗತ್ತಿರುವುದೇ ಬಿಗಿಯಲ್ಲಿ. ಜಪಾನಿನವರು ಮದುವೆ ಮುಂಜಿಗೆ ಉಡುವಾಗ ಪಾದಕ್ಕಿಂತ ಒಂದು ಎಳೆ ಚಿಕ್ಕದನ್ನೇ ಹಾಕುತ್ತಾರಂತೆ, ಒಂದು ಸುಕ್ಕೂ ಕಾಣಬಾರದಂತೆ. ಇಂಚರ ನೋಡಿದ ವಿಡಿಯೋದ ಹೆಂಗಸು ಅದನ್ನೇ ಒತ್ತಿ ಒತ್ತಿ ಹೇಳಿದ್ದಳು. ಅವಳು ಹೇಳದೇ ಹೋದದ್ದು, ಸಕ್ಕರೆ ಕಾಯಿಲೆಯ ಮುದುಕಿಯ ಪಾದ ಬೆಳಗ್ಗೆ ಒಂದು ಅಳತೆ, ಸಂಜೆ ಒಂದು ಅಳತೆ ಎನ್ನುವುದನ್ನು. ಎರಡನೆಯ ಬೆರಳಿನಲ್ಲಿ ಬೆಳ್ಳಿಯ ಉಂಗುರ ಇರುವ ಪಾದವನ್ನಂತೂ ಆ ಹೆಂಗಸು ಕನಸಿನಲ್ಲಿಯೂ ಕಂಡಿರಲಿಕ್ಕಿಲ್ಲ. ಬೇಗ ಹರಿಯದಿರಲೆಂದು ಇಂಚರ ಬೆರಳ ಸಂದಿಯ ಹೊಲಿಗೆಯನ್ನು ಎರಡು ಸಲ ಹಾಕಿದಳು. ಹಿಮ್ಮಡಿಯ ಹಿಂದೆ ಜಪಾನಿನ ಲೋಹದ ಕೊಕ್ಕೆಗಳ ಬದಲು ಅಜ್ಜಿಯ ಹಳೆಯ ರವಿಕೆಯ ಹುಕ್ಕುಗಳು ಬಂದವು. ಅವನ್ನು ಗಂಗಮ್ಮನೇ ಕೂತು ಹಚ್ಚಿದರು.

ಹಾಕಿಕೊಂಡು ನಿಂತಾಗ ಗಂಗಮ್ಮನ ಮುಖ ನೋಡಬೇಕಿತ್ತು. ಹವಾಯಿ ಪಟ್ಟಿ ಸಲೀಸಾಗಿ ಸಂದಿಗೆ ಇಳಿಯಿತು.

"ಬಿಗಿ ಇದೆಯಾ ಅಜ್ಜಿ?"

"ಇಲ್ಲ ಕಣೆ, ಗ್ರ್ಯಾಂಡ್," ಅಂದರು ಗಂಗಮ್ಮ. ಚೆನ್ನಾಗಿದೆ ಎನ್ನುವುದಕ್ಕೆ ಇಲ್ಲಿಯವರು ಆಡುವ ಮಾತು ಅಜ್ಜಿಯ ಬಾಯಲ್ಲಿ ಬಂದದ್ದು ಕೇಳಿ ಇಂಚರ ಬಿದ್ದು ಬಿದ್ದು ನಕ್ಕಳು.

ಆ ಸಂಜೆಯೇ ವಿಡಿಯೋ ಕಾಲಿನಲ್ಲಿ ಗಂಡನಿಗೆ ಪಾದ ತೋರಿಸಿದ್ದಾಯಿತು.

"ಏನೇ ಅದು? ಮೇಕೆ ಗೊರಸು ಕಟ್ಕೊಂಡಿದೀಯಾ?" ಚಿಕ್ಕಣ್ಣ ಮೂಗನ್ನು ಫೋನಿಗೇ ತಾಗಿಸಿ ಕೇಳಿದರು.

"ನಿಮ್ಮ ಬಾಯಿಗಿಷ್ಟು! ಮೊಮ್ಮಗಳು ಹೊಲಿದಿರೋದು. ಜಪಾನಿಂದು."

"ಐರ್ಲೆಂಡಿಗೆ ಹೋಗಿ ಜಪಾನಿನವಳಾದೆ. ವಿಜಯನಗರದೋಳು ಯಾವಾಗ ಆಗ್ತೀಯ?"

ಗಂಗಮ್ಮ ಫೋನನ್ನು ಮಗನ ಕೈಗೆ ಕೊಟ್ಟರು.

ಇಂಚರ ಅಲ್ಲಿಗೆ ನಿಲ್ಲಿಸಲಿಲ್ಲ. ಜಪಾನಿನ ತೋಟದ ಕೆಲಸದವರು ರಬ್ಬರ್ ತಳದ ಕಪ್ಪು ತಬಿ ಹಾಕುತ್ತಾರೆ ಎಂದು ಹೇಳಿ, ಹಳೆಯ ಜೀನ್ಸ್ ಕತ್ತರಿಸಿ, ಯೋಗದ ಮ್ಯಾಟಿನ ತುಂಡು ಅಂಟಿಸಿ, ಅದೇ ಅಳತೆಗೆ ಇನ್ನೊಂದು ಜೊತೆ ಮಾಡಿಕೊಟ್ಟಳು. ಮಾರ್ಚಿನಲ್ಲಿ ಬಿಸಿಲು ಬಿದ್ದಾಗ ಗಂಗಮ್ಮ ಅದನ್ನು ಹಾಕಿಕೊಂಡು ಹಿತ್ತಲಿಗೆ ಇಳಿದು ಮೆಂತ್ಯ ಬಿತ್ತಿದರು, ದಂಟಿನ ಬೀಜ ಚೆಲ್ಲಿದರು. ಇಲ್ಲಿನ ಹುಲ್ಲು ಮಧ್ಯಾಹ್ನಕ್ಕೂ ಒದ್ದೆ. ಬಟ್ಟೆ ನೆನೆದು ಕಾಲಿಗೆ ಅಂಟಿಕೊಂಡರೂ ಗಂಗಮ್ಮನಿಗೆ ತಿಳಿಯುತ್ತಿರಲಿಲ್ಲ. ಒಳಗೆ ಬಂದು ಬಿಳಿಯ ಜೊತೆ ಹಾಕಿಕೊಂಡರೆ ಮುಗಿಯಿತು, ರಾತ್ರಿಯೂ ಅದರಲ್ಲೇ ಮಲಗುವುದು.

ಊರಿಗೆ ಹೋಗುವ ಮಾತು ಊಟದ ಹೊತ್ತಿಗೆ ಬರುತ್ತಿತ್ತು.

"ಫ್ರಾಂಕ್‌ಫರ್ಟ್ ಮೇಲಿಂದ ಫ್ಲೈಟ್ ಬಿಟ್ಟವ್ರಂತೆ. ಶಶಿ ಹೇಳಿದ್ಲು," ಗಂಗಮ್ಮ ಮಗನ ತಟ್ಟೆಗೆ ಸಾರು ಬಡಿಸುತ್ತಾ ಅಂದರು.

"ನೋಡೋಣ ಅಮ್ಮ. ಇನ್ನೊಂದು ತಿಂಗಳು ಹೋಗ್ಲಿ."

"ಕಳೆದ ತಿಂಗಳೂ ಇದನ್ನೇ ಅಂದೆ."

ಮೆಟ್ಟಿಲ ಮೇಲೆ ಮಾಸ್ಕ್ ಹಾಕಿ ಕೂತಿದ್ದ ನಳಿನಿ ಅಲ್ಲಿಂದಲೇ, "ಈಗ ಹೋದ್ರೆ ಏರ್‌ಪೋರ್ಟಲ್ಲೇ ಅಂಟ್ಕೊಳ್ಳುತ್ತೆ ಅತ್ತೆ. ಮತ್ತೆ ಇವಳನ್ನ ಯಾರು ನೋಡ್ಕೊಳ್ತಾರೆ? ನನಗೆ ಡಬಲ್ ಡ್ಯೂಟಿ, ಇವರು ಬೆಳಗ್ಗಿಂದ ಹೆಡ್‌ಸೆಟ್ಟು," ಅಂದಳು.

"ಐ'ಮ್ ಫೋರ್ಟೀನ್, ಮಮ್. ಐ'ಡ್ ಬಿ ಗ್ರ್ಯಾಂಡ್," ಎಂದಳು ಇಂಚರ.

"ನೀನು ಸುಮ್ನಿರು. ಮೊನ್ನೆ ಸ್ಟವ್ ಮೇಲೆ ನೂಡಲ್ಸ್ ಇಟ್ಟು ಮರೆತಿದ್ದು ಯಾರು?"

"ಹೇಳ್ಬಿಡಮ್ಮ," ಗಂಗಮ್ಮ ಸೌಟನ್ನು ಪಾತ್ರೆಗೆ ಬಿಟ್ಟರು. "ಅಡುಗೆಗೆ ಜನ ಇಲ್ಲ ಅಂತ ಹೇಳು. ಏರ್‌ಪೋರ್ಟು, ಅಂಟುರೋಗ ಅಂತ ಯಾಕೆ ಸುತ್ತಿ ಬಳಸ್ತೀಯ?"

ಮುದುಕಿ ಹೇಳಿದ್ದು ನಿಜ. ಬೆಳಗಿನ ತಿಂಡಿ, ಮಗುವಿನ ಊಟ, ಬಟ್ಟೆ ಮಡಿಸುವುದು, ಪಾತ್ರೆ ಎಲ್ಲವೂ ಆ ಎರಡು ಕೈಗಳ ಮೇಲೆ ನಡೆಯುತ್ತಿತ್ತು. ಪ್ರೀತಿಯೂ ಇತ್ತು, ಇಲ್ಲ ಎನ್ನಲಾಗದು. ಪ್ರೀತಿ ಮತ್ತು ಅನುಕೂಲ ಒಂದೇ ಪಾತ್ರೆಯಲ್ಲಿ ಬೆಂದರೆ ಆಮೇಲೆ ಬೇರೆ ಮಾಡುವುದು ಕಷ್ಟ.

ಯುಗಾದಿ ಬಂತು. ಗಂಗಮ್ಮ ಒಣ ಬೇವಿನೆಲೆಗೆ ಬೆಲ್ಲ ಬೆರೆಸಿ, ಒಬ್ಬಟ್ಟು ತಟ್ಟಿದರು. ಹಬ್ಬದ ದಿನ ಕಾಲಿಗೆ ಬೀಳುವುದು ಆ ಮನೆಯಲ್ಲಿ ತಪ್ಪದ ಪದ್ಧತಿ. ಆದರೆ ಆ ವರ್ಷ ಯಾರೂ ಯಾರನ್ನೂ ಮುಟ್ಟುವಂತಿರಲಿಲ್ಲ. ನಳಿನಿ ಬಾಗಿಲ ಬಳಿ ನಿಂತು, "ದೂರದಿಂದಲೇ ನಮಸ್ಕಾರ ಅತ್ತೆ," ಎಂದು ಕೈಮುಗಿದಳು. ಚಂದ್ರಕಾಂತನೂ ಹೆಂಡತಿ ಹೇಳಿದಂತೆ ಅಲ್ಲೇ ನಿಂತು ಬಾಗಿದ. ಅಂದು ಇಬ್ಬರಲ್ಲಿ ಒಬ್ಬರಾದರೂ ಪಾದ ಮುಟ್ಟಿದ್ದರೆ ಬಟ್ಟೆಯ ಮೇಲಿನಿಂದಲೇ ಆ ಬಿಸಿ ಕೈಗೆ ತಟ್ಟುತ್ತಿತ್ತು.

"ಯಾಕೆ ಕುಂಟ್ತಿದೀರಿ?" ಎಂದು ನಳಿನಿ ಕೇಳಿದ್ದೇನೋ ಹೌದು.

"ಚಳಿಗೆ ಕಣಮ್ಮ. ಮಂಡಿ ಹಿಡ್ಕೊಂಡೈತೆ."

ಆಗಲೇ ಗಂಗಮ್ಮ ನೋಡಿಯಾಗಿತ್ತು. ಸ್ನಾನಕ್ಕೆಂದು ಹುಕ್ಕು ಬಿಚ್ಚಿದಾಗ ಬಲಗಾಲಿನ ಎರಡನೆಯ ಬೆರಳು ಊದಿ, ಉಂಗುರ ಮಾಂಸದೊಳಗೆ ಹೂತು, ಬೆರಳ ಸಂದಿ ಬೆಳ್ಳಗೆ ಕೊಳೆತಿತ್ತು. ನೋವಿರಲಿಲ್ಲ. ನೋವಿಲ್ಲದ್ದು ದೊಡ್ಡ ಕಾಯಿಲೆ ಅಲ್ಲ ಎಂದುಕೊಂಡು ಅರಿಶಿನ ಮೆತ್ತಿ, ಮತ್ತೆ ತಬಿ ಏರಿಸಿ, ಹುಕ್ಕು ಹಾಕಿದರು. ಮೊಮ್ಮಗಳು ಅಷ್ಟು ಆಸೆಯಿಂದ ಹೊಲಿದದ್ದನ್ನು ಬಿಗಿ ಎಂದು ಹೇಳಲಿಕ್ಕೆ ಅವರಿಗೆ ನಾಲಿಗೆ ಏಳಲಿಲ್ಲ. ನಾಲ್ಕು ದಿನ ಹೋದ ಮೇಲೆ ತೋರಿಸಿದರಾಯಿತು ಎಂದುಕೊಂಡಿದ್ದರು.

ಅಷ್ಟರಲ್ಲಿ ಬೆಂಗಳೂರಿನಿಂದ ಶಶಿಯ ಫೋನು ಬಂತು. ಅಪ್ಪನಿಗೆ ಜ್ವರ. ಮಾರನೆಯ ದಿನ ಟೆಸ್ಟು ಪಾಸಿಟಿವ್. ಆಮೇಲೆ ಉಸಿರಾಟಕ್ಕೆ ತೊಂದರೆ. ಶಶಿಯ ಗಂಡ ಶ್ರೀಕಂಠ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಕೊನೆಗೆ ಒಂದು ಕಡೆ ಹಾಸಿಗೆ ದೊರಕಿಸಿದ್ದ. ಆಕ್ಸಿಜನ್ ಹಾಕಿದ್ದಾರಂತೆ.

ಗಂಗಮ್ಮ ದೇವರ ಫೋಟೋದ ಮುಂದೆ ಕೂತವರು ಏಳಲಿಲ್ಲ. "ನಾನು ಅಲ್ಲಿರಬೇಕಿತ್ತು," ಎಂದು ಒಂದೇ ಮಾತನ್ನು ಹೇಳಿದರು, ಮಗನ ಮುಖ ನೋಡಿ.

ಚಂದ್ರಕಾಂತ ಹತ್ತಿರ ಬಂದು ನಿಂತ. "ಈಗ ಯಾವ ಫ್ಲೈಟೂ ಸಿಗಲ್ಲಮ್ಮ."

"ಸಿಗೋವಾಗ ನೀವು ಬಿಡಲಿಲ್ಲ."

ಅಲ್ಲಿಂದ ಮುಂದೆ ಬೆರಳು ತೋರಿಸುವ ಮಾತೇ ಹೋಯಿತು. ತೋರಿಸಿದರೆ ಮೊದಲು ಉಂಗುರ ಕತ್ತರಿಸುತ್ತಾರೆ. ಗಂಡ ಆಕ್ಸಿಜನ್ ಮೇಲೆ ಮಲಗಿರುವಾಗ ಯಾವ ಹೆಂಗಸು ಕಾಲುಂಗುರ ತೆಗೆಸುತ್ತಾಳೆ? ಇದಕ್ಕೆ ಮೂಢನಂಬಿಕೆ ಎನ್ನುವವರು ಎನ್ನಲಿ. ಗಂಗಮ್ಮನಿಗೆ ಗಂಡನಿಗಾಗಿ ಮಾಡಲಿಕ್ಕೆ ಅಷ್ಟು ದೂರದಿಂದ ಬೇರೇನೂ ಉಳಿದಿರಲಿಲ್ಲ.

ಮನೆಯಲ್ಲಿ ವಾಸನೆ ಶುರುವಾಯಿತು. ಚಂದ್ರಕಾಂತ ಸಿಂಕಿನದೆಂದು ತಿಳಿದು ಪೈಪಿಗೆ ಸೋಡಾ ಸುರಿದ. ನಳಿನಿಯ ಮೂಗಿಗೆ ಸದಾ ಮಾಸ್ಕು. ಒಗೆಯುವ ಬುಟ್ಟಿಯಲ್ಲಿ ಬಿಳಿಯ ತಬಿ ಕಂಡದ್ದು ಇಂಚರಳಿಗೆ. ಬೆರಳ ಸಂದಿಯಲ್ಲಿ ಹಳದಿ, ಕಂದು, ನಡುವೆ ಒಂದಿಷ್ಟು ರಕ್ತ.

"ಅಜ್ಜಿ, ವಾಟ್ಸ್ ದಿಸ್?"

"ಅರಿಶಿನ."

"ನೋ. ಇಟ್ ಸ್ಮೆಲ್ಸ್. ಕಾಲು ತೋರಿಸಿ."

ಗಂಗಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು. "ನಿಮ್ಮ ತಾತ ಮನೆಗೆ ಬರಲಿ. ಅವತ್ತೇ ತೋರಿಸ್ತೀನಿ. ಅಲ್ಲಿಗಂಟ ಅಪ್ಪ ಅಮ್ಮನಿಗೆ ಹೇಳ್ಬೇಡ."

"ಬಟ್ ಅಜ್ಜಿ..."

"ಹೇಳಿದ್ರೆ ತಾತಂಗೆ ಏನಾದ್ರೂ ಆಗ್ತದೆ."

ಮಕ್ಕಳಿಗೆ ಹೇಳಬಾರದ ಮಾತು ಇದು. ಗಂಗಮ್ಮ ಕೆಟ್ಟವರಲ್ಲ, ಹೆದರಿದ್ದರು. ಹೆದರಿದ ಹಿರಿಯರು ಮಕ್ಕಳ ತಲೆಯ ಮೇಲೆ ಎಂಥ ಭಾರವನ್ನೂ ಹೊರಿಸಿಬಿಡುತ್ತಾರೆ. ಇಂಚರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇದೆಲ್ಲಾ ತನ್ನ ಹೊಲಿಗೆಯಿಂದ ಎಂದು ಅವಳಿಗೆ ತಿಳಿದುಹೋಗಿತ್ತು. ಅಮ್ಮನಿಗೆ ಹೇಳಿದರೆ ತಾತ ಸಾಯುತ್ತಾರೆ, ಹೇಳದಿದ್ದರೆ ಅಜ್ಜಿಯ ಕಾಲು. ಹುಡುಗಿ ಅತ್ತು, ಆಮೇಲೆ ಮೆಷಿನ್ ಮುಂದೆ ಕೂತು ದೊಡ್ಡ ಅಳತೆಯ ಇನ್ನೊಂದು ಜೊತೆ ಹೊಲಿದಳು. ಸಡಿಲ ಮಾಡಿದರೆ ವಾಸಿಯಾಗಬಹುದು ಎಂಬುದು ಅವಳ ಲೆಕ್ಕ. ಗಂಗಮ್ಮ ಅದನ್ನೂ ಹಾಕಿಕೊಂಡರು.

ಮೇ ತಿಂಗಳ ಒಂದು ಭಾನುವಾರ ಅಡುಗೆಮನೆಯಲ್ಲಿ ಸದ್ದೇ ಇರಲಿಲ್ಲ. ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಹೊರಗೆ ಸುರಿದಿತ್ತು. ನೈಟ್ ಡ್ಯೂಟಿ ಮುಗಿಸಿ ಬಂದ ನಳಿನಿ ಮೆಟ್ಟಿಲ ಬಳಿ ನಿಂತು, "ಅತ್ತೆ," ಎಂದು ಕೂಗಿದಳು. ಉತ್ತರ ಬರಲಿಲ್ಲ. ಮಾಸ್ಕು, ದೂರ ಎಲ್ಲವನ್ನೂ ಮರೆತು ಒಳಗೆ ಓಡಿದಳು.

ಹಾಸಿಗೆಯಲ್ಲಿ ಗಂಗಮ್ಮ ನಡುಗುತ್ತಿದ್ದರು. ಹಣೆ ಮುಟ್ಟಿದರೆ ಕಾದ ಹಂಚು. ನಳಿನಿಯ ಮೂಗಿಗೆ ಮೊದಲ ಸಲ ಆ ವಾಸನೆ ಬಡಿಯಿತು. ಅವಳ ವೃತ್ತಿಯಲ್ಲಿ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೊದಿಕೆ ಸರಿಸಿ, ಹುಕ್ಕು ಬಿಚ್ಚಿ, ತಬಿ ಎಳೆದಳು. ಎರಡನೆಯ ಬೆರಳು ಕಪ್ಪಾಗಿತ್ತು. ಕೆಂಪು ಗೆರೆ ಪಾದ ದಾಟಿ ಮೇಲೇರಿತ್ತು.

"ಚಂದ್ರೂ!" ಎಂದು ಅವಳು ಕೂಗಿದ ರೀತಿಗೆ ಅವನು ಅರ್ಧ ಶೇವ್ ಮಾಡಿದ ಮುಖದಲ್ಲೇ ಇಳಿದು ಬಂದ.

"ಆಂಬುಲೆನ್ಸ್ ಕರೀರಿ. ಈಗಲೇ."

"ಏನಾಯ್ತು? ಕೋವಿಡ್ಡಾ?"

"ಕಾಲು. ಕಾಲು ಕೊಳ್ತಿದೆ." ನಳಿನಿ ಇನ್ನೊಂದು ಕಾಲಿನ ಹುಕ್ಕನ್ನೂ ಬಿಚ್ಚತೊಡಗಿದಳು. "ದಿನಾ ಬೆಳಗ್ಗೆ ಆ ಮುದುಕರ ಬೆರಳು ಬೆರಳು ಬಿಡಿಸಿ ನೋಡ್ತೀನಿ, ಒರೆಸ್ತೀನಿ, ಕ್ರೀಮ್ ಹಚ್ತೀನಿ. ನನ್ನ ಮನೇಲಿ, ನನ್ನ ಅತ್ತೆ ಕಾಲು..." ದೀಪದ ಕೆಳಗೆ ಕತ್ತಲು ಎನ್ನುವುದನ್ನು ಅವಳಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಇಂಚರ, "ಐ ನ್ಯೂ," ಎಂದಳು. ಅಷ್ಟು ಸಣ್ಣ ದನಿಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಆಸ್ಪತ್ರೆ ಪಕ್ಕದ ಊರಿನಲ್ಲಿತ್ತು. ಒಳಗೆ ಯಾರನ್ನೂ ಬಿಡುವ ಹಾಗಿರಲಿಲ್ಲ. ವೃದ್ಧಾಶ್ರಮದ ಕೋವಿಡ್ ಟೆಸ್ಟಿನ ಫಲಿತಾಂಶ ಬರಬೇಕಿದ್ದ ನಳಿನಿ ಮನೆಯಲ್ಲೇ ಉಳಿದಳು. ಚಂದ್ರಕಾಂತ ಆಂಬುಲೆನ್ಸಿನ ಹಿಂದೆ ಕಾರು ಓಡಿಸಿಕೊಂಡು ಹೋದ. ಇಂಚರ ಹಟ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಕಾರ್ ಪಾರ್ಕಿನಲ್ಲಿ ಕಾಯುವುದಷ್ಟೇ ಅವರ ಕೆಲಸ.

ಶಶಿಯ ಫೋನು ಕಾರಿನ ಸ್ಪೀಕರಿನಲ್ಲೇ ಬಂತು. ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ. "ಚಂದ್ರು, ಅಪ್ಪ ಹೋಗ್ಬಿಟ್ರು ಕಣೋ. ನೋಡೋಕೂ ಬಿಡ್ತಿಲ್ಲ. ಕವರಲ್ಲಿ ಕಟ್ಟಿಬಿಟ್ಟವ್ರೆ."

ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟ. ಇಂಚರ ಅಪ್ಪನ ತೋಳು ಹಿಡಿದುಕೊಂಡಳು. ಶಶಿ ಇನ್ನೂ ಅಳುತ್ತಿರುವಾಗಲೇ ಆಸ್ಪತ್ರೆಯ ಫೋನು ಬಂತು. ಸರ್ಜನ್ ಒಬ್ಬ ಹೆಂಗಸು, ಮೆದು ಮಾತಿನವರು. ಕನ್ನಡದ ದುಭಾಷಿಯನ್ನು ಹುಡುಕಿದೆವು, ಭಾನುವಾರ ಯಾರೂ ಸಿಗುತ್ತಿಲ್ಲ. ವಿಷ ರಕ್ತಕ್ಕೆ ಸೇರಿದೆ, ಬೆರಳು ತೆಗೆಯಲೇಬೇಕು, ತಡಮಾಡಿದರೆ ಜೀವ ಉಳಿಯದು. ನಿಮ್ಮ ತಾಯಿ ಕಾಲು ಮುಟ್ಟಲು ಬಿಡುತ್ತಿಲ್ಲ. ನೀವೇ ಅವರಿಗೆ ಹೇಳಿ, ಅವರ ಉತ್ತರ ನಮಗೆ ಹೇಳಿ ಎಂದರು. ಫೋನು ಅಮ್ಮನ ಕಿವಿಗೆ ಹೋಯಿತು.

"ಅಮ್ಮ."

"ಚಂದ್ರೂ, ಇವರು ಉಂಗುರ ಕೀಳೋಕೆ ಬಂದವ್ರೆ. ಬೇಡ ಅಂತ ಹೇಳೋ."

"ಅಮ್ಮ, ಬೆರಳು..."

"ನಿಮ್ಮಪ್ಪ ಅಲ್ಲಿ ಮಲಗವ್ರೆ. ಅವರು ಎದ್ದು ಬರಲಿ, ಆಮೇಲೆ ಕಾಲೇ ಕತ್ತರಿಸಲಿ. ನಿಮ್ಮಪ್ಪ ಹೆಂಗವ್ರೆ ಇವತ್ತು?"

ಚಂದ್ರಕಾಂತ ಕಣ್ಣು ಮುಚ್ಚಿದ. ಅಪ್ಪ ಹೋದರು ಎಂದಿದ್ದರೆ ಅಮ್ಮನೇ ಉಂಗುರ ಬಿಚ್ಚಿಕೊಡುತ್ತಿದ್ದರೋ, ನನಗಿನ್ನು ಬದುಕೇ ಬೇಡ ಎನ್ನುತ್ತಿದ್ದರೋ. ಅವನಿಗೆ ಎರಡನೆಯದರ ಭಯವೇ ದೊಡ್ಡದಾಗಿ ಕಂಡಿತು.

"ಪರವಾಗಿಲ್ಲಮ್ಮ. ಬೆಳಗ್ಗೆ ಗಂಜಿ ಕುಡಿದ್ರಂತೆ."

"ಹೌದಾ?" ಆ ದನಿಯ ಸಂತೋಷವನ್ನು ಇಂಚರ ಕೂಡ ಕೇಳಿದಳು.

"ಹೌದು. ಡಾಕ್ಟ್ರು ಬರೀ ಗಾಯ ತೊಳೆದು ಕಟ್ಟು ಹಾಕ್ತಾರೆ. ಉಂಗುರ ಮುಟ್ಟಲ್ಲ. ಒಪ್ಕೊಳ್ಳಿ."

"ಉಂಗುರ ಮುಟ್ಟಲ್ಲ ತಾನೇ?"

"ಮುಟ್ಟಲ್ಲ."

"ಹಂಗಾದ್ರೆ ಸರಿ ಅನ್ನು."

ಚಂದ್ರಕಾಂತ ಸರ್ಜನ್ನಿಗೆ, "ಷಿ ಅಗ್ರೀಸ್. ಪ್ಲೀಸ್ ಗೋ ಅಹೆಡ್," ಎಂದ.

ಒಂದು ಬೆರಳು ಸಾಲಲಿಲ್ಲ. ಪಾದದ ಮುಂದಿನ ಅರ್ಧವೇ ಹೋಯಿತು. ಜೀವ ಉಳಿಯಿತು. ಚಿಕ್ಕಣ್ಣನ ದಹನವನ್ನು ಶ್ರೀಕಂಠ ಮಾಡಿದ. ಚಂದ್ರಕಾಂತ ಅತ್ಲೋನಿನ ಹಾಲಿನಲ್ಲಿ ಫೋನು ಹಿಡಿದು ನಿಂತು ಸರದಿಯಲ್ಲಿದ್ದ ಹೆಣಗಳನ್ನೂ, ಕೊನೆಗೆ ತನ್ನ ಅಪ್ಪನೆಂದು ತೋರಿಸಿದ ಒಂದು ಗಂಟನ್ನೂ ನೋಡಿದ. ಅಮ್ಮನಿಗೆ ಹೇಳುವುದು ಬೇಡ, ಮನೆಗೆ ಬಂದ ಮೇಲೆ ಹೇಳೋಣ ಎಂದು ಅವನೇ ತೀರ್ಮಾನಿಸಿದ. ನಳಿನಿ ಒಪ್ಪಲಿಲ್ಲ.

"ಅವತ್ತು ಫೋನಲ್ಲೇ ಹೇಳ್ಬೇಕಿತ್ತು ನೀವು."

"ಹೇಳಿ ಅವರೂ ಹೋಗಿದ್ರೆ?"

"ಅದು ಅವರ ಕಾಲು, ಅವರ ಗಂಡ. ಮಧ್ಯೆ ನೀವು ಯಾರು?"

"ನಾನು ಮಗ ಕಣೆ!" ಎಂದು ಚಂದ್ರಕಾಂತ ಕಿರುಚಿದ. ಆಮೇಲೆ ಗಂಡ ಹೆಂಡತಿಗೆ ವಾರಗಟ್ಟಲೆ ಮಾತಿರಲಿಲ್ಲ.

ಗಂಗಮ್ಮ ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ಬಂದವರು ಮೊದಲು ಕೇಳಿದ್ದು ಫೋನು. "ಅವರ ಮುಖ ತೋರಿಸು. ಮಾತಾಡೋಕೆ ಆಗದಿದ್ರೂ ಪರವಾಗಿಲ್ಲ."

ಚಂದ್ರಕಾಂತ ಕುರ್ಚಿಯ ಮುಂದೆ ಮಂಡಿಯೂರಿದ. "ಅಮ್ಮ, ಅಪ್ಪ ಹೋಗ್ಬಿಟ್ರು."

ಗಂಗಮ್ಮ ಚೀರಲಿಲ್ಲ. "ಯಾವತ್ತು?"

"ನಿಮ್ಮ ಆಪರೇಷನ್ ಆದ ದಿನ."

ಅವರು ಬಲಗಾಲಿನ ಕಟ್ಟನ್ನು ನೋಡಿದರು, ಆಮೇಲೆ ಮಗನನ್ನು. "ನೀವು ಉಂಗುರ ಕಿತ್ರಿ. ಅವರು ಹೋದ್ರು."

"ಇಲ್ಲಮ್ಮ! ಅಪ್ಪ ಅದಕ್ಕೆ ಮೊದಲೇ ಹೋಗಿದ್ರು."

"ಮೊದಲೇ ಹೋಗಿದ್ರೆ ಗಂಜಿ ಕುಡಿದೋರು ಯಾರು?"

"ಸುಳ್ಳು ಹೇಳ್ದೆ."

"ಉಂಗುರ ಮುಟ್ಟಲ್ಲ ಅಂದಿದ್ದು?"

"ಅದೂ ಸುಳ್ಳು."

"ಈಗ ಹೇಳ್ತಿರೋದು?"

ಎರಡು ಸುಳ್ಳು ಹೇಳಿದವನ ಮೂರನೆಯ ಮಾತಿಗೆ ಯಾರು ಸಾಕ್ಷಿ?

ಅಂದಿನಿಂದ ಗಂಗಮ್ಮ ಮಗನ ಕೈಯಿಂದ ನೀರು ಮುಟ್ಟಲಿಲ್ಲ. ಶಶಿ ಫೋನಿನಲ್ಲಿ ಹೇಳಿದರೂ ಅವನು ಹೇಳಿಕೊಟ್ಟದ್ದೆಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ತಟ್ಟೆ ತಂದರೆ ಗೋಡೆಗೆ ತಿರುಗುತ್ತಿದ್ದರು. "ಅಪ್ಪನ್ನ ಕೊಂದೋನ ಅನ್ನ ನನಗೆ ಬೇಡ," ಎಂದು ಕೇಳಿಸುವಂತೆಯೇ ಹೇಳುತ್ತಿದ್ದರು. ಅವನು ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಮೇಲಿನ ಕೋಣೆಗೆ ಹೋಗಿ ಹೆಡ್‌ಸೆಟ್ ಏರಿಸಿಕೊಂಡು ಕೂರುತ್ತಿದ್ದ. ಮೀಟಿಂಗ್ ಇಲ್ಲದ ಹೊತ್ತಿನಲ್ಲಿಯೂ ಹಾಗೆಯೇ ಕೂತಿರುತ್ತಿದ್ದ.

ಇದನ್ನು ನೋಡಲಾರದೆ ಒಂದು ದಿನ ಊಟದ ಹೊತ್ತಿಗೆ ಇಂಚರ ಅಜ್ಜಿಯ ಮುಂದೆ ಬಂದು ನಿಂತಳು. ನಳಿನಿ ಗಂಗಮ್ಮನಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ಚಂದ್ರಕಾಂತ ಬಾಗಿಲಲ್ಲಿದ್ದ.

"ಅಜ್ಜಿ, ಅಪ್ಪ ಸುಳ್ಳು ಹೇಳ್ತಿಲ್ಲ." ಹುಡುಗಿ ಒಂದೊಂದೇ ಕನ್ನಡದ ಮಾತನ್ನು ಹುಡುಕಿ ಹುಡುಕಿ ಆಡಿದಳು. "ನಾನು ಕಾರಲ್ಲಿ ಇದ್ದೆ. ಶಶಿ ಅತ್ತೆ ಫೋನ್ ಮೊದಲು ಬಂತು. ಅತ್ತೆ ಅಳ್ತಾ ಇದ್ರು. ಆಮೇಲೆ ಡಾಕ್ಟರ್ ಫೋನ್ ಬಂತು. ತಾತ ಮೊದಲೇ ಹೋಗಿದ್ರು."

ಗಂಗಮ್ಮ ಮೊಮ್ಮಗಳ ಕೈ ಹಿಡಿದುಕೊಂಡರು. "ನನ್ನಾಣೆ?"

"ನಿಮ್ಮಾಣೆ, ಅಜ್ಜಿ."

ಗಂಗಮ್ಮ ಆ ಮುಖವನ್ನೇ ನೋಡಿದರು. ನಂಬಿದರು ಎಂದು ಎಲ್ಲರಿಗೂ ತಿಳಿಯಿತು. ಚಂದ್ರಕಾಂತ ಒಂದು ಹೆಜ್ಜೆ ಒಳಗೆ ಇಟ್ಟ.

"ಮೊದಲೇ ಹೋಗಿದ್ರಾ," ಎಂದರು ಗಂಗಮ್ಮ. "ಹಂಗಾದ್ರೆ ನಾನು ಬಾಯಿ ಮುಚ್ಕೊಂಡು ಈ ಕಾಲು ಕೊಳೆಸ್ಕೊಂಡಿದ್ದು ಯಾರಿಗೋಸ್ಕರ?"

ಇಂಚರ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ನಿಜ ಹೇಳಿದರೆ ಮನೆ ಸರಿಹೋಗುತ್ತದೆ ಎಂದು ಅವಳು ನಂಬಿದ್ದಳು. ಕೀಳುವವರೆಗೂ ತನ್ನ ಉಂಗುರ ಗಂಡನನ್ನು ಕಾದಿತ್ತು ಎಂಬ ಒಂದು ನೆಮ್ಮದಿ ಮುದುಕಿಗೆ ಉಳಿದಿತ್ತು. ಅದೂ ಈಗ ಹೋಗಿತ್ತು.

ಗಂಗಮ್ಮ ಎಡಗಾಲನ್ನು ಸೀರೆಯಿಂದ ಹೊರಗೆ ಚಾಚಿದರು. ಆ ಬೆರಳಿನಲ್ಲಿ ಉಂಗುರ ಇನ್ನೂ ಇತ್ತು. "ಇದನ್ನೂ ತೆಗಿಯಮ್ಮ," ಎಂದರು ಸೊಸೆಗೆ.

ನಳಿನಿ ತಟ್ಟೆ ಕೆಳಗಿಟ್ಟು, ಸೋಪಿನ ನೀರು ತಂದು ನೆಲದ ಮೇಲೆ ಕೂತಳು. ಉಂಗುರ ಬಿಗಿಯಾಗಿತ್ತು, ಬೇಗ ಬರಲಿಲ್ಲ. ಚಂದ್ರಕಾಂತ ಮುಖ ಆಚೆ ತಿರುಗಿಸಿದ.

"ಇಲ್ಲಿ ನೋಡೋ," ಗಂಗಮ್ಮ ಮಗನನ್ನು ಕರೆದರು. "ಈ ಸಲ ನನ್ನ ಕೇಳಿ ತೆಗೀತಾವ್ರೆ."